ಅಂಟಿನ ವಾಸನೆ

ಆಸ್ಪತ್ರೆಯ ಗೋಡೆಗೆ ಹೊಡೆದಿದ್ದ ಎತ್ತರ ಅಳೆಯುವ ಹಲಗೆಗೆ ಬೆನ್ನು ಕೊಟ್ಟು ಮೊಳೆ ಎಂಬ ಹುಡುಗಿ ನಿಂತಳು. ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಎಲ್ಲವೂ ಹಲಗೆಗೆ ತಾಗಿರಬೇಕೆಂದು ನರ್ಸ್ ಹೇಳಿ, ಮೇಲಿನ ಅಡ್ಡಪಟ್ಟಿಯನ್ನು ಮೆಲ್ಲಗೆ ಇಳಿಸಿ ಮಗುವಿನ ನೆತ್ತಿಗೆ ಮುಟ್ಟಿಸಿದಳು. ಓದಿ ಬರೆದುಕೊಂಡಳು. ಬರೆದದ್ದನ್ನು ಒಂದು ಕ್ಷಣ ನೋಡಿ, ಮಗುವನ್ನು ಮತ್ತೆ ನಿಲ್ಲಿಸಿ, ಇನ್ನೊಮ್ಮೆ ಅಳೆದಳು.

ಬೆಂಚಿನ ಮೇಲೆ ಕೂತಿದ್ದ ಅಜ್ಜನಿಗೆ ಆ ಎರಡನೆಯ ಅಳತೆ ಹಿಡಿಸಲಿಲ್ಲ. ಅವನು ಬೂಟು ಹೊಲಿಯುವವನು. ಅಂಗಡಿಗೆ ಬಂದವರ ಪಾದವನ್ನು ಅವನು ಎರಡನೆಯ ಸಲ ಅಳೆಯುತ್ತಿದ್ದುದು ಏನೋ ಹೊಂದುತ್ತಿಲ್ಲ ಎನ್ನಿಸಿದಾಗ ಮಾತ್ರ.

ಮೊಳೆ ಅವನ ಮಗಳ ಮಗಳು. ಹುಟ್ಟಿದಾಗ ಸಣ್ಣಗೆ, ಚೂಪಾಗಿ ಇದ್ದಳೆಂದು ಬೂಟಿನವನ ಮನೆಯಲ್ಲಿ ಆ ಹೆಸರು ಬಿದ್ದು, ಶಾಲೆಯ ಹೆಸರು ಶಾಲೆಯಲ್ಲೇ ಉಳಿದುಬಿಟ್ಟಿತು. ಅವಳ ಆರನೆಯ ವಯಸ್ಸಿನಲ್ಲಿ ತಲೆಯೊಳಗಿಂದ ಒಂದು ಗಡ್ಡೆಯನ್ನು ತೆಗೆದರು. ಉಳಿದದ್ದನ್ನು ಸುಡಲು ವಿಕಿರಣ ಕೊಟ್ಟರು. ಅದಾಗಿ ಮೂರು ವರ್ಷ. ಅಷ್ಟು ಕಾಲವೂ ಅವಳನ್ನು ತಪಾಸಣೆಗೆ ಕರೆತರುತ್ತಿದ್ದವಳು ಅಜ್ಜಿ. ಅಜ್ಜಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಮಗುವಿನ ತಂದೆ ಹಡಗಿನಲ್ಲಿ ಅಡುಗೆಯವನು. ವರ್ಷಕ್ಕೊಮ್ಮೆ ಮನೆಯ ಮುಖ ನೋಡುವವನು. ಹೀಗಾಗಿ ಈ ಸಲ ಮೊಳೆಯ ತಾಯಿಯಾದ ತನ್ನ ಮಗಳ ಜೊತೆಯಲ್ಲಿ ಅಜ್ಜ ಬಂದಿದ್ದ.

ಡಾಕ್ಟರಮ್ಮ ಮಗುವಿನ ಮಣಿಕಟ್ಟಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದಳು. ರಕ್ತದ ವರದಿಯನ್ನು ನೋಡಿದಳು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಕಳೆದ ಸಲ ಎಷ್ಟಿದ್ದಳೋ ಅಷ್ಟೇ ಇದ್ದಾಳೆ. ಅದರ ಹಿಂದಿನ ಸಲಕ್ಕೂ ಇವತ್ತಿಗೂ ಕೂದಲೆಳೆಯಷ್ಟು ವ್ಯತ್ಯಾಸ."

"ಗಡ್ಡೆ ಮತ್ತೆ ಬಂದಿದೆಯಾ?" ಎಂದು ಮಗಳು ಕೇಳಿದಳು. ಕೇಳುವಾಗ ಅವಳ ಕೈ ಮೊಳೆಯ ಕಿವಿಯ ಮೇಲಿತ್ತು.

"ಇಲ್ಲಮ್ಮ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ."

ಇಲ್ಲ ಎಂಬ ಆ ಒಂದು ಮಾತು ಅಜ್ಜನ ಕಿವಿಗೆ ಬಿದ್ದದ್ದೇ ಅವನ ಮನಸ್ಸು ದೇವರ ಮುಂದೆ ಮೊಣಕಾಲೂರಿತು. ಅನಂತರ ಡಾಕ್ಟರಮ್ಮ ಹೇಳಿದ್ದೆಲ್ಲ ಅವನ ಪಾಲಿಗೆ ಪಕ್ಕದ ಕೋಣೆಯ ನಲ್ಲಿಯ ಸದ್ದಾಯಿತು. ವಿಕಿರಣ ಗಡ್ಡೆಯನ್ನು ಮಾತ್ರ ಮುಟ್ಟಿ ಸುಮ್ಮನಿರುವುದಿಲ್ಲ. ಮೆದುಳಿನ ಬುಡದಲ್ಲಿ ಕಾಳಿನಷ್ಟು ಒಂದು ಗ್ರಂಥಿಯಿದೆ. ಬೆಳೆಯುವುದಕ್ಕೆ, ಕಾಯಿಲೆ ಬಂದಾಗ ತಡೆದುಕೊಳ್ಳುವುದಕ್ಕೆ ಮೈಗೆಲ್ಲ ಅಪ್ಪಣೆ ಹೋಗುವುದು ಅಲ್ಲಿಂದ. ಅದು ವರ್ಷಗಳು ಕಳೆದ ಮೇಲೆ ನಿಧಾನವಾಗಿ ಸೋಲುತ್ತದೆ, ಅದಕ್ಕೇ ಮಕ್ಕಳನ್ನು ಬಿಡದೆ ಕರೆಸಿ ನೋಡುವುದು, ಎಂದು ಅವಳು ಹೇಳಿದಳು. ಬೆಳವಣಿಗೆಯ ಮಾತು ಆಮೇಲೆ ನೋಡೋಣ, ಈಗ ಹೆದರಬೇಕಾದದ್ದು ಇನ್ನೊಂದಕ್ಕೆ ಎಂದಳು. ಕಾಯಿಲೆ ಬಿದ್ದಾಗ ಮೈಯನ್ನು ಎತ್ತಿ ಹಿಡಿಯುವ ಹಾರ್ಮೋನು ಈ ಮಗುವಿನ ರಕ್ತದಲ್ಲಿ ತೀರ ಕಡಿಮೆಯಾಗಿದೆ.

"ಅಜ್ಜಾ, ಕೇಳಿಸ್ಕೊಳ್ತಿದ್ದೀರಾ? ಹಗಲು ಹೊತ್ತು ಮಗು ಇರೋದು ನಿಮ್ಮ ಹತ್ತಿರ."

"ಕೇಳಿಸ್ಕೊಳ್ತಿದ್ದೀನಿ ತಾಯಿ," ಎಂದ ಅಜ್ಜ.

ಹೊರಗೆ ಬಂದಾಗ ಅವನ ಕಣ್ಣು ಮೊಳೆಯ ಬೂಟಿನ ಮೇಲೆ ಬಿತ್ತು. ಬೆರಳು ಆಡಲು ಜಾಗ ಬಿಟ್ಟು ಅವನೇ ಹೊಲಿದ ಜೋಡಿ. ಅದು ಎರಡನೆಯ ವರ್ಷಕ್ಕೂ ಬಿಗಿಯಾಗದೆ ಇದ್ದಾಗ, ತನ್ನ ಕೈಯ ಬೂಟೆಂದರೆ ಹೀಗೆ ಎಂದು ಬೀದಿಯವರ ಮುಂದೆಲ್ಲ ಜಂಬ ಕೊಚ್ಚಿಕೊಂಡಿದ್ದ. ಈಗ ಅದನ್ನು ನೋಡಲಾರದೆ ಮುಖ ಆಚೆಗೆ ತಿರುಗಿಸಿದ.

ಮನೆಗೆ ಬಂದ ಮೇಲೆ ಮಗಳು ಎಲ್ಲವನ್ನೂ ಅವನಿಗೆ ಬಿಡಿಸಿ ಹೇಳಿದಳು. ದಿನಕ್ಕೆ ಮೂರು ಹೊತ್ತು ಮಾತ್ರೆ. ಜ್ವರ ಬಂದರೆ ಎರಡರಷ್ಟು. ನುಂಗಿದ ಮಾತ್ರೆ ವಾಂತಿಯಾಗಿ ಹೋದರೆ ಇನ್ನೊಂದು. ಅದೂ ಒಳಗೆ ನಿಲ್ಲದಿದ್ದರೆ ತೊಡೆಗೆ ಸೂಜಿ, ಆ ಕೂಡಲೇ ಆಸ್ಪತ್ರೆ. ಸೂಜಿಯ ಪೆಟ್ಟಿಗೆಯನ್ನು ಅವಳು ಅಂಗಡಿಯ ಕಪಾಟಿನಲ್ಲಿ, ಬಣ್ಣದ ಡಬ್ಬಗಳ ಮೇಲಿನ ಸಾಲಿನಲ್ಲಿ ಇಟ್ಟಳು. ಬೂಟಿನೊಳಗೆ ಹಾಸುವ ಸ್ಪಂಜಿನ ತುಂಡೊಂದನ್ನು ಮೇಜಿನ ಮೇಲಿಟ್ಟು ಅವನ ಕೈಯಿಂದ ಚುಚ್ಚಿಸಿದಳು.

"ನೋಡು ಮತ್ತೆ, ಗೋಣಿ ಹೊಲಿಯೋ ಹಾಗೆ ಹೊಲೀಬೇಡ," ಎಂದು ಮೊಳೆ ದೂರದಿಂದಲೇ ಕೂಗಿದಳು. ಸೂಜಿ ಪೆಟ್ಟಿಗೆಯಿಂದ ಹೊರಗೆ ಬಂದಾಗೆಲ್ಲ ಅವಳು ಬಾಗಿಲ ಆಚೆಗೆ ಹೋಗಿ ನಿಲ್ಲುವಳು.

"ನಿನ್ನ ಬಾಯಿಗೆ ಮೊದಲು ಹೊಲಿಗೆ ಹಾಕ್ತೀನಿ, ಬಾ ಇಲ್ಲಿ."

"ಅಪ್ಪಾ, ತಮಾಷೆ ಸಾಕು," ಎಂದಳು ಮಗಳು. "ನಾನು ಕಾರ್ಖಾನೆ ಒಳಗೆ ಹೋದ್ರೆ ಫೋನು ಹೊರಗಡೆ ಪೆಟ್ಟಿಗೇಲಿ ಇರುತ್ತೆ. ಹೇಗೆ ಮಾಡ್ಲಿ ಅಂತ ನನ್ನ ಕೇಳೋಕಾಗಲ್ಲ. ಯೋಚನೆ ಮಾಡ್ತಾ ಕೂರಬೇಡ, ಮಾಡಿಬಿಡು."

ಅಜ್ಜ ತಲೆಯಾಡಿಸಿದ. ಅಂದಿನಿಂದ ಅವನ ಪ್ರಾರ್ಥನೆ ಬದಲಾಯಿತು. ಅದುವರೆಗೆ ಸತ್ತ ಹೆಂಡತಿಯ ಆತ್ಮಕ್ಕೆ ಶಾಂತಿ ಬೇಡುತ್ತಿದ್ದವನು ಈಗ ದೇವರ ಹತ್ತಿರ ಚೌಕಾಸಿಗೆ ಇಳಿದ. ಅವಳನ್ನು ಕರೆದುಕೊಂಡೆ, ನಿನ್ನ ಇಚ್ಛೆ. ನಾನು ಒಂದು ಮಾತು ಎದುರಾಡಲಿಲ್ಲ. ಇವಳನ್ನು ಮಾತ್ರ ಇಲ್ಲೇ ಬಿಡು. ಹಾಗೆ ಬೇಡಿದ ಮೇಲೂ ಅವನಿಗೆ ಧೈರ್ಯ ಬರುತ್ತಿರಲಿಲ್ಲ. ಮಗು ಕೆಮ್ಮಿದರೆ ಹೊಲಿಗೆ ನಿಲ್ಲುತ್ತಿತ್ತು. ಆಟದಿಂದ ಬಂದವಳ ಹಣೆ ಬಿಸಿಯಾಗಿದ್ದರೆ ಅದು ಬಿಸಿಲೋ ಜ್ವರವೋ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಜ್ವರಕ್ಕೆ ಕಾಯುತ್ತ, ಅದೊಂದೇ ದಾರಿಯಿಂದ ಅಪಾಯ ಬರುವುದೆಂಬಂತೆ ಅವನು ಆ ಬಾಗಿಲನ್ನು ಕಾದು ಕೂತಿದ್ದ.

ಶಾಲೆಗೆ ರಜೆಯಿದ್ದ ಒಂದು ದಿನ. ಮಗಳು ಬೆಳಗಿನ ಮಾತ್ರೆ ನುಂಗಿಸಿ ಬಿಸ್ಕತ್ತಿನ ಕಾರ್ಖಾನೆಗೆ ಹೋಗಿದ್ದಳು. ಮೊಳೆ ಅಂಗಡಿಯ ಮೂಲೆಯಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು ಲೇಸು ಪೋಣಿಸುತ್ತಿದ್ದಳು. ಎಂದಿನ ಹರಟೆ ಇರಲಿಲ್ಲ. ಟ್ಯಾಕ್ಸಿ ಓಡಿಸುವ ಗೆಳೆಯನೊಬ್ಬ ಹರಿದ ಬೂಟನ್ನು ಮೇಜಿನ ಮೇಲೆ ಇಟ್ಟ.

"ಯಜಮಾನ್ರೇ, ಇದಕ್ಕೆ ಅಟ್ಟೆ ಹಾಕಿ ಅಂತ ಹೋದ ತಿಂಗಳೇ ಕೇಳಿದ್ದೆ. ನೀವು ಹಾಕೋ ಹೊತ್ತಿಗೆ ನನ್ನ ಕಾಲೇ ಸವೆದು ಹೋಗಿರುತ್ತೆ."

"ಕಾಲು ಸವೆದ್ರೆ ಅದಕ್ಕೂ ಅಟ್ಟೆ ಹಾಕಿಕೊಡ್ತೀನಿ, ಹೋಗಯ್ಯ. ಊಟ ಮುಗಿಸಿ ಬಾ, ಆಗಿರುತ್ತೆ."

"ಅಲ್ಲಿವರೆಗೆ ಚಪ್ಪಲೀಲಿ ಗಾಡಿ ಓಡಿಸ್ಲಾ? ಪೊಲೀಸಿನವನು ಹಿಡಿದ್ರೆ ನಿಮ್ಮ ಹೆಸರೇ ಹೇಳೋದು," ಎಂದು ನಗುತ್ತ ಅವನು ಹೋದ. ಮೊಳೆ ನಗಲಿಲ್ಲ.

ಅಜ್ಜ ಹೊಸ ಅಂಟಿನ ಡಬ್ಬ ತೆರೆದ. ಅಟ್ಟೆಗೆ ಬಳಿಯುವ ಆ ಅಂಟಿನ ವಾಸನೆ ಮೂಗಿಗಲ್ಲ, ನೇರವಾಗಿ ಹಣೆಗೇ ಹೊಡೆಯುವಂಥದು. ಎರಡು ಸಲ ಕುಂಚ ಎಳೆದಿರಲಿಲ್ಲ, ಮೊಳೆ ಎದ್ದು ನಿಂತಳು. ಮುಖ ಸುಣ್ಣದಂತೆ ಆಗಿತ್ತು. ಚರ್ಮದ ಚೂರು ಹಾಕುವ ಬುಟ್ಟಿಗೆ ಬಗ್ಗಿ ಎಲ್ಲವನ್ನೂ ಕಾರಿದಳು.

ಇಲ್ಲಿ ಅಜ್ಜನ ಬುದ್ಧಿ ತನಗೆ ಗೊತ್ತಿದ್ದ ದಾರಿಯಲ್ಲೇ ನಡೆಯಿತು. ಆ ಅಂಗಡಿಯಲ್ಲಿ ಕೆಲಸ ಕಲಿಯಲು ಬಂದವರೆಲ್ಲ ಮೊದಲ ವಾರ ಅಂಟಿಗೆ ವಾಂತಿ ಮಾಡಿಕೊಂಡವರೇ. ಅವನೂ ಮಾಡಿಕೊಂಡಿದ್ದ. ಮದುವೆಯಾಗಿ ಬಂದ ಹೊಸದರಲ್ಲಿ ಅವನ ಹೆಂಡತಿ ವಾಂತಿ ಮಾಡಿಕೊಂಡಾಗ ಅತ್ತೆ ಮೊಮ್ಮಗನೇ ಬಂದನೆಂದು ಕುಣಿದಾಡಿ, ಅದು ಅಂಟಿನ ಮಹಿಮೆಯೆಂದು ತಿಳಿದು ಪೆಚ್ಚಾದ ಕಥೆಯನ್ನು ಮನೆಯವರು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದರು. ಅದಕ್ಕೆ ಮದ್ದೆಂದರೆ ಹೊರಗಿನ ಗಾಳಿ, ಒಂದು ಲೋಟ ನೀರು, ಒಂದಿಷ್ಟು ನಿದ್ದೆ. ಆಸ್ಪತ್ರೆಯ ನಿಯಮವನ್ನು ಅವನು ಮರೆತಿರಲಿಲ್ಲ. ಆದರೆ ಆ ನಿಯಮ ಕಾಯಿಲೆಗೆ ಸೇರಿದ್ದು. ಇದು ಕಸುಬಿಗೆ ಸೇರಿದ್ದು. ಬೆಳಗಿನ ಮಾತ್ರೆಯೂ ಅದೇ ಬುಟ್ಟಿಯೊಳಗೆ ಹೋಗಿರಬಹುದೆಂಬ ಯೋಚನೆ ಅವನ ಹತ್ತಿರಕ್ಕೂ ಸುಳಿಯಲಿಲ್ಲ.

"ಹಾಳಾದ ಅಂಟು. ಬಾ ಮಗಳೇ, ಹೊರಗೆ ಬಾ."

"ಅಜ್ಜಾ, ಸೂಜಿ ಹಾಕ್ತೀಯಾ?"

"ಅಂಟಿಗೆಲ್ಲ ಯಾರು ಸೂಜಿ ಹಾಕ್ತಾರೆ? ಹುಚ್ಚಿ."

ಅವಳ ಮುಖದಲ್ಲಿ ಸಮಾಧಾನ ಕಂಡಿತು. ತರಗತಿಯಲ್ಲಿ ಪಕ್ಕ ಕೂರುವ ಗೆಳತಿ ಹಿಂದಿನ ದಿನ ವಾಂತಿ ಮಾಡಿಕೊಂಡು ಮನೆಗೆ ಹೋಗಿದ್ದಳು, ಇನ್ನಿಬ್ಬರು ಶಾಲೆಗೇ ಬಂದಿರಲಿಲ್ಲ. ಅದನ್ನು ಮೊಳೆ ಹೇಳಲಿಲ್ಲ. ಹೇಳಿದರೆ ಆ ಪೆಟ್ಟಿಗೆ ಕಪಾಟಿನಿಂದ ಕೆಳಗಿಳಿಯುತ್ತದೆಂದು ಅವಳಿಗೆ ಗೊತ್ತಿತ್ತು.

ಹಿತ್ತಲಲ್ಲಿ ಬಟ್ಟೆ ಒಣಗುವ ಹಗ್ಗದ ಕೆಳಗೆ ಮಂಚ ಹಾಕಿ ಅಜ್ಜ ಅವಳನ್ನು ಮಲಗಿಸಿದ. ಚಳಿ ಎಂದಳು, ಹೊದಿಸಿದ. ಹಣೆ ಮುಟ್ಟಿ ನೋಡಿದ. ಬಿಸಿಯಿರಲಿಲ್ಲ, ತಣ್ಣಗಿತ್ತು. ಆ ತಂಪು ಅವನಿಗೆ ಸಂತೋಷವನ್ನೇ ಕೊಟ್ಟಿತು. ಜ್ವರವಿಲ್ಲ, ದೇವರು ದೊಡ್ಡವನು, ಎಂದುಕೊಂಡು ಒಳಗೆ ಬಂದು ಕೆಲಸಕ್ಕೆ ಕೂತ. ನಡುನಡುವೆ ಬಾಗಿಲಿನಿಂದ ಇಣುಕಿದ. ಮಗು ಮಲಗಿತ್ತು. ಮಲಗಿದ ಮಗುವನ್ನು ಎಬ್ಬಿಸಬಾರದೆಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಮಧ್ಯಾಹ್ನದ ಮಾತ್ರೆಯನ್ನು ಅವನು ಮರೆಯಲಿಲ್ಲ. ನೀರು ತೆಗೆದುಕೊಂಡು ಹೋಗಿ, ಅವಳನ್ನು ಅರ್ಧ ಎತ್ತಿ ಕೂರಿಸಿ ನುಂಗಿಸಿದ. ಕಣ್ಣು ಪೂರ್ತಿ ತೆರೆಯದೆ ನುಂಗಿ ಅವಳು ಮತ್ತೆ ಒರಗಿದಳು. ತನ್ನ ಕರ್ತವ್ಯ ಆಯಿತೆಂದು ಅವನು ಒಳಗೆ ಬಂದು ಟ್ಯಾಕ್ಸಿಯವನ ಬೂಟಿಗೆ ಕೊನೆಯ ಹೊಲಿಗೆ ಹಾಕಿದ. ದಾರ ಕತ್ತರಿಸಿ, ಕೈ ತೊಳೆಯಲು ಹಿತ್ತಲಿಗೆ ಬಂದ.

ದಿಂಬಿನ ಮೇಲೆ, ಅವಳ ಬಾಯಿಯ ಪಕ್ಕದಲ್ಲಿ, ಒಂದಿಷ್ಟು ನೀರು. ಆ ನೀರಿನಲ್ಲಿ ಕರಗದೆ ಉಳಿದ ಬಿಳಿಯ ಚೂರುಗಳು.

ಅಜ್ಜ ಮೂಗೆಳೆದು ನೋಡಿದ. ಗಾಳಿ ಬೀಸುತ್ತಿತ್ತು, ಹಗ್ಗದ ಮೇಲಿನ ಬಟ್ಟೆ ಹಾರುತ್ತಿತ್ತು, ಸೋಪಿನ ವಾಸನೆಯ ಹೊರತು ಬೇರೆ ವಾಸನೆ ಅಲ್ಲಿರಲಿಲ್ಲ. ಅಂಟಿಗೆ ವಾಂತಿ ಮಾಡಿಕೊಂಡವರು ಹೊರಗೆ ಬಂದ ಮೇಲೆ ಇನ್ನೊಮ್ಮೆ ವಾಂತಿ ಮಾಡಿಕೊಂಡದ್ದನ್ನು ಅವನು ತನ್ನ ಆಯುಷ್ಯದಲ್ಲಿ ನೋಡಿರಲಿಲ್ಲ.

"ಮೊಳೇ."

ಅವಳು ಮಿಸುಕಲಿಲ್ಲ. ಭುಜ ಹಿಡಿದು ಅಲುಗಿಸಿದ. ಕುತ್ತಿಗೆ ಹೊಲಿಗೆ ಬಿಟ್ಟ ಬೂಟಿನ ನಾಲಿಗೆಯಂತೆ ಪಕ್ಕಕ್ಕೆ ಬಿತ್ತು. ಮೈ ಒದ್ದೆಯಾಗಿತ್ತು, ಕಲ್ಲಿನಷ್ಟು ತಣ್ಣಗಿತ್ತು.

"ಮೊಳೇ! ಕಣ್ಣು ಬಿಡು! ನಾನು ಯಾರು ಹೇಳು?"

ರೆಪ್ಪೆ ಅರ್ಧ ತೆರೆಯಿತು. ಅವಳು ಅವನನ್ನು ನೋಡದೆ, ಅವನ ಹಿಂದೆ ಯಾರೋ ನಿಂತಿದ್ದಾರೆ ಎಂಬಂತೆ ನೋಡುತ್ತ, ಗಿರಾಕಿಗಳಿಗೆ ಹೇಳುವ ದನಿಯಲ್ಲಿ, "ಅಂಗಡಿ ಮುಚ್ಚಿದೆ. ನಾಳೆ ಬನ್ನಿ," ಎಂದಳು.

ಅವನ ಹೆಂಡತಿಯ ಕೊನೆಯ ಮಧ್ಯಾಹ್ನವೂ ಹೀಗೆಯೇ ಇತ್ತು. ಅವಳೂ ಕರೆದವರ ಕಡೆ ನೋಡದೆ ಬೇರೆ ಎಲ್ಲೋ ನೋಡುತ್ತಿದ್ದಳು. ಅವನು ಒಳಗೆ ಓಡಿದ. ಕಪಾಟಿನಿಂದ ಪೆಟ್ಟಿಗೆ ಎಳೆಯುವಾಗ ಬಣ್ಣದ ಡಬ್ಬವೊಂದು ಉರುಳಿ ನೆಲವೆಲ್ಲ ಕಪ್ಪಾಯಿತು. ಪೆಟ್ಟಿಗೆಯ ಮುಚ್ಚಳದ ಮೇಲೆ ಆಸ್ಪತ್ರೆಯ ನಂಬರು ಇತ್ತು. ಮಗಳಿಗೆ ಮೊದಲು ಫೋನು ಮಾಡಿದ; ಅದು ಸುಮ್ಮನೆ ಬಡಿದುಕೊಂಡಿತು. ಆಸ್ಪತ್ರೆಗೆ ಮಾಡಿದ. ಹೆಣ್ಣು ದನಿಯೊಂದು ಎತ್ತಿಕೊಂಡು, ಅವನು ಎರಡು ಮಾತು ಹೇಳುವಷ್ಟರಲ್ಲೇ ತಡೆಯಿತು.

"ಸೂಜಿ ಹತ್ತಿರ ಇದೆಯಾ? ಈಗಲೇ ಕೊಡಿ. ಆಂಬುಲೆನ್ಸಿಗೆ ಕಾಯಬೇಡಿ, ನನಗೂ ಕಾಯಬೇಡಿ. ಫೋನು ಪಕ್ಕದಲ್ಲಿಡಿ, ನಾನು ಹೇಳ್ತಾ ಹೋಗ್ತೀನಿ."

ಅವನು ಹಿತ್ತಲಿಗೆ ಓಡಿ ಫೋನನ್ನು ಮಂಚದ ಮೇಲಿಟ್ಟ. ಸೂಜಿಯಿಂದ ನೀರನ್ನು ಎಳೆದು ಪುಡಿಯ ಸೀಸೆಗೆ ಬಿಡಬೇಕು. ಸೂಜಿಯ ಮೊನೆ ಸೀಸೆಯ ರಬ್ಬರಿನ ಬಾಯಿ ಬಿಟ್ಟು ಅಂಚಿಗೆ ತಾಗಿತು; ಮತ್ತೆ ತಾಗಿತು. ದಪ್ಪ ಅಟ್ಟೆಯೊಳಗೆ ದಬ್ಬಳವನ್ನು ಕಣ್ಣು ಮುಚ್ಚಿ ಇಳಿಸಬಲ್ಲ ಕೈ ಅದು. ಈಗ ಗೋಡೆ ಹಿಡಿದು ನಡೆಯುವ ಮುದುಕನ ಕೈಯಾಗಿತ್ತು.

"ಆಗ್ತಾ ಇಲ್ಲ ತಾಯಿ, ಕೈ ನಿಲ್ತಾ ಇಲ್ಲ."

"ಮೊಣಕೈನ ಮಂಚಕ್ಕೆ ಒತ್ತಿ ಹಿಡೀರಿ. ಹಾಂ. ಪುಡಿ ಕರಗಿತಾ? ಎಳೆದುಕೊಳ್ಳಿ. ತೊಡೆ ಹೊರಗಡೆ ಭಾಗ, ನಡುವೆ. ನೇರವಾಗಿ."

ಅವಳ ತೊಡೆ ಅವನ ಮುಂಗೈಯಷ್ಟೇ ದಪ್ಪವಿತ್ತು. ಚರ್ಮಕ್ಕೆ ನೋವಾದೀತೆಂದು ಯೋಚಿಸುವ ಅಗತ್ಯ ಅವನಿಗೆ ಕಸುಬಿನಲ್ಲಿ ಎಂದೂ ಬಂದಿರಲಿಲ್ಲ. ದೇವರೇ, ಎಂದ. ಮುಂದಿನ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಚುಚ್ಚಿದ. ಒತ್ತಿದ.

ಅವಳು ಅಳಲಿಲ್ಲ. ಸೂಜಿಯೆಂದರೆ ಬೀದಿಯ ಕೊನೆಯವರೆಗೆ ಕೇಳುವಂತೆ ಕಿರುಚುವ ಹುಡುಗಿ ಒಮ್ಮೆ ಹುಬ್ಬು ಕೂಡ ಗಂಟಿಕ್ಕಲಿಲ್ಲ. ಅದನ್ನು ಕಂಡು ಅವನಿಗಾದ ಭಯ ಅದಕ್ಕೂ ಮುಂಚಿನ ಭಯವನ್ನೆಲ್ಲ ಸಣ್ಣದು ಮಾಡಿತು.

"ಯಜಮಾನ್ರೇ, ಬೂಟು ಆಯ್ತಾ ಇಲ್ವಾ? ನೆಲಕ್ಕೆ ಯಾಕೆ ಪಾಲಿಶ್ ಹಾಕಿದ್ದೀರಿ?" ಎಂದು ಅಂಗಡಿಯ ಕಡೆಯಿಂದ ಟ್ಯಾಕ್ಸಿಯವನ ದನಿ ಕೇಳಿಸಿತು. ಹಿತ್ತಲ ಬಾಗಿಲಿಗೆ ಬಂದವನು ಮಂಚದ ಮೇಲಿದ್ದುದನ್ನು ನೋಡಿ, ಮಗುವನ್ನು ಹೊದಿಕೆ ಸಮೇತ ಎತ್ತಿಕೊಂಡು ಬೀದಿಗೆ ನಡೆದ.

ಗಾಡಿಯಲ್ಲಿ ಅಜ್ಜ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಅಡ್ಡ ಬಂದವರಿಗೆಲ್ಲ ಹಾರ್ನು ಹೊಡೆಯುತ್ತ ಟ್ಯಾಕ್ಸಿಯವನು, "ಮಾತಾಡಿಸ್ತಾ ಇರಿ, ಬಿಡಬೇಡಿ, ಮಾತಾಡಿಸಿ," ಎಂದು ಕೂಗುತ್ತಿದ್ದ. ಏನು ಮಾತಾಡುವುದು? ಅಜ್ಜ ಅವಳ ಹೆಸರನ್ನೇ ಕರೆದ. ಮೊಳೆ ಎಂದು ಕರೆದ. ಶಾಲೆಯ ಹೆಸರಿಟ್ಟು ಕರೆದ. ಉತ್ತರ ಬಾರದಿದ್ದಾಗ ಅವಳ ಮೂಗಿನ ಹತ್ತಿರ ಬೆರಳಿಟ್ಟು, ಬೆರಳಿಗೆ ತಾಗುವ ಉಸಿರಿಗಾಗಿ ಕಾದ. ತಾಗುತ್ತಿತ್ತು. ತಡವಾಗಿ ತಾಗುತ್ತಿತ್ತು. ಒಂದಕ್ಕೂ ಮತ್ತೊಂದಕ್ಕೂ ನಡುವಿನ ಹೊತ್ತಿನಲ್ಲಿ ಅವನು ತನ್ನ ಉಸಿರನ್ನೂ ಹಿಡಿದಿದ್ದ.

ಆಸ್ಪತ್ರೆಯ ಬಾಗಿಲಲ್ಲಿ ಮಗುವನ್ನು ಅವನ ಕೈಯಿಂದ ತೆಗೆದುಕೊಂಡು ಪರದೆಯ ಹಿಂದಕ್ಕೆ ಹೋದರು. ಪರದೆಯ ಕೆಳಗೆ ಓಡಾಡುವ ಪಾದಗಳು ಮಾತ್ರ ಅವನಿಗೆ ಕಾಣುತ್ತಿದ್ದವು. ಅವು ಓಡುತ್ತಿರುವಷ್ಟು ಹೊತ್ತು ಮಗು ಬದುಕಿದೆ, ನಿಂತರೆ ಮುಗಿಯಿತು, ಎಂದುಕೊಂಡು ಅವನು ಆ ಪಾದಗಳನ್ನೇ ನೋಡುತ್ತ ಕೂತ. ಒಂದು ಜೊತೆ ಪಾದ ನಿಂತಿತು. ಅವನು ಕಣ್ಣು ಮುಚ್ಚಿದ.

"ಅಜ್ಜಾ." ಡಾಕ್ಟರಮ್ಮ ಎದುರಿಗೆ ನಿಂತಿದ್ದಳು. "ರಕ್ತದ ಸಕ್ಕರೆ ತೀರ ಕೆಳಗೆ ಹೋಗಿತ್ತು, ಬಿಪಿನೂ ಹೋಗಿತ್ತು. ಡ್ರಿಪ್ ಓಡ್ತಾ ಇದೆ. ಸೂಜಿ ಕೊಟ್ಟು ತಂದದ್ದು ಒಳ್ಳೇದಾಯ್ತು. ಈಗ ಒಂದು ಹೇಳಿ. ಮೊದಲ ವಾಂತಿ ಆದದ್ದು ಯಾವಾಗ?"

ಅಷ್ಟರಲ್ಲಿ ಮಗಳು ಬಂದಿದ್ದಳು. ತಲೆಯ ಮೇಲೆ ಕಾರ್ಖಾನೆಯ ಟೋಪಿ ಹಾಗೇ ಇತ್ತು. ತೋಳಿಗೆ ಮೈದಾ ಮೆತ್ತಿಕೊಂಡಿತ್ತು. ಟ್ಯಾಕ್ಸಿಯವನು ಕಾರ್ಖಾನೆಗೆ ಹೋಗಿ ಗೇಟಿನ ಕಾವಲುಗಾರನ ಜೊತೆ ಜಗಳವಾಡಿ ಅವಳನ್ನು ಹೊರಗೆ ಕರೆಸಿದ್ದನಂತೆ.

ಮಧ್ಯಾಹ್ನ ಎಂದುಬಿಡಬಹುದಾಗಿತ್ತು. ಅಜ್ಜನ ಬಾಯಿಗೆ ಅದೇ ಬಂದಿತ್ತು. ಆದರೆ ತನ್ನ ಮಾತಿನ ಮೇಲೆ ಒಳಗೆ ಔಷಧಿಯ ಲೆಕ್ಕ ನಡೆಯುವುದಾದರೆ, ಸುಳ್ಳು ಹೋಗಿ ಸೇರುವುದು ಮಗುವಿನ ಮೈಗೆ.

"ಬೆಳಗ್ಗೆ. ಮಗಳು ಕೆಲಸಕ್ಕೆ ಹೋಗಿ ಸ್ವಲ್ಪ ಹೊತ್ತಿಗೇ. ಮಾತ್ರೆ ಹೊಟ್ಟೇಲಿ ನಿಂತಿರಲಿಕ್ಕಿಲ್ಲ."

"ಬೆಳಗ್ಗೆಯಾ?" ಎಂದಳು ಮಗಳು.

"ಅಂಟಿನ ಡಬ್ಬ ತೆರೆದಿದ್ದೆ. ಅದರ ವಾಸನೆಗೆ ಅಂದ್ಕೊಂಡೆ."

"ಅಂಟಿನ ವಾಸನೆ."

"ನಮ್ಮಲ್ಲಿ ಎಲ್ಲರಿಗೂ ಆಗ್ತಿತ್ತಲ್ಲಮ್ಮ. ನಿಮ್ಮಮ್ಮನಿಗೂ..."

"ಎಲ್ಲರ ತಲೇಲೂ ಗಡ್ಡೆ ಇತ್ತಾ ಅಪ್ಪಾ? ಅಮ್ಮ ಇದ್ದಿದ್ರೆ..." ಎಂದವಳು ಟೋಪಿ ತೆಗೆದು ಮುಖ ಒರೆಸಿಕೊಂಡಳು. ಡಾಕ್ಟರಮ್ಮ ಇಬ್ಬರನ್ನೂ ಒಮ್ಮೆ ನೋಡಿ ಪರದೆಯ ಹಿಂದೆ ಹೋದಳು. ಇವರಿಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತರು.

ಬೀದಿ ದೀಪ ಹೊತ್ತಿಕೊಳ್ಳುವ ಹೊತ್ತಿಗೆ ಮೊಳೆ ಕಣ್ಣು ತೆರೆದಳು. ಕೈಗೆ ಚುಚ್ಚಿದ್ದ ನಳಿಕೆಯನ್ನು ನೋಡಿದಳು, ತೊಡೆ ಮುಟ್ಟಿಕೊಂಡಳು, ಅಜ್ಜನನ್ನು ಹುಡುಕಿ ದಿಟ್ಟಿಸಿದಳು.

"ಹಾಕಲ್ಲ ಅಂದಿದ್ದೆ. ಸುಳ್ಳುಬುರುಕ."

"ಹೌದು ಮಗಳೇ, ಸುಳ್ಳುಬುರುಕನೇ," ಎಂದ ಅಜ್ಜ.

ಮರುದಿನ ಅವಳನ್ನು ವಾರ್ಡಿಗೆ ತಂದರು. ಅಪಾಯ ಕಳೆದಿದೆ, ಗಂಜಿ ಕೊಡಬಹುದು, ಮಾತ್ರೆ ಇನ್ನೂ ಕೆಲವು ದಿನ ಹೆಚ್ಚಾಗಿಯೇ ಇರಲಿ, ಮುಂದಿನ ತಪಾಸಣೆ ತಪ್ಪಿಸಬೇಡಿ, ಎಂದು ಡಾಕ್ಟರಮ್ಮ ಹೇಳಿ ಹೋದಳು. ಊಟದ ತಟ್ಟೆಗಳು ಹೋದ ಮೇಲೆ ವಾರ್ಡಿನ ಸದ್ದಡಗಿತು. ಕಿಟಕಿಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಮೊಳೆ ನಿದ್ದೆಹೋದಳು.

ಅಜ್ಜ ಅವಳ ಮುಖವನ್ನೇ ನೋಡುತ್ತ ಕೂತ. ಕೆನ್ನೆಗೆ ಬಣ್ಣ ಬಂದಿತ್ತು. ಎದೆ ಏರಿ ಇಳಿಯುತ್ತಿತ್ತು. ಆದರೆ ನಿನ್ನೆ ಹಿತ್ತಲಿನ ಮಂಚದ ಮೇಲೂ ಅವಳು ಹೀಗೆಯೇ ಮಲಗಿದ್ದಳು. ಬಾಗಿಲಿನಿಂದ ನೋಡಿದಾಗ ಅದೂ ಇಂಥದೇ ನಿದ್ದೆಯಾಗಿ ಕಂಡಿತ್ತು. ಎರಡಕ್ಕೂ ಇರುವ ವ್ಯತ್ಯಾಸವನ್ನು ಹೇಳಿಕೊಡಬಲ್ಲ ಹೆಂಡತಿ ಈಗ ಅವನ ಪಕ್ಕದಲ್ಲಿ ಇರಲಿಲ್ಲ. ಅವನು ಬಗ್ಗಿ ಅವಳ ಭುಜ ಅಲುಗಿಸಿದ.

"ಮೊಳೇ. ನಾನು ಯಾರು?"

"ಅಜ್ಜ," ಎಂದು ಅವಳು ಗೊಣಗಿ ಮಗ್ಗುಲಾದಳು.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಲುಗಿಸಿದ.

"ಅಜ್ಜಾ, ಮಲಗೋಕೆ ಬಿಡು!"

ಆ ಸಿಟ್ಟು ಅವನ ಕಿವಿಗೆ ಪ್ರಸಾದದಂತೆ ಬಿತ್ತು. ಮೂರನೆಯ ಸಲ ಕೈ ಚಾಚಿದಾಗ ನರ್ಸ್ ಬಂದು, "ಏನ್ರೀ ಇದು, ಮಗೂಗೆ ನಿದ್ದೆ ಬೇಡ್ವಾ?" ಎಂದು ಗದರಿದಳು. ಮಂಚದ ಆಚೆ ಬದಿಯಲ್ಲಿ ಕೂತಿದ್ದ ಮಗಳು ಹಿಂದಿನ ಸಂಜೆಯಿಂದ ಮೊದಲ ಸಲ ಅವನ ಕಡೆ ತಿರುಗಿದಳು.

"ಅಪ್ಪಾ, ನೀನು ನಿನ್ನೆಯಿಂದ ಕಣ್ಣು ಮುಚ್ಚಿಲ್ಲ. ಹೋಗಿ ಬೆಂಚಿನ ಮೇಲೆ ಮಲಗು. ಅವಳು ಚೆನ್ನಾಗಿದ್ದಾಳೆ. ಸುಮ್ಮನೆ ಎಬ್ಬಿಸಬೇಡ."

ಅವನು ಎದ್ದು ಹೋಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕಾಲು ಮಡಿಸಿ ಒರಗಿದ. ಕಣ್ಣು ಮುಚ್ಚಿ ದೇವರ ಹೆಸರು ಹಿಡಿದ. ಮೈ ನಿದ್ದೆಗೆ ಜಾರುತ್ತಿತ್ತು. ಅಷ್ಟರಲ್ಲಿ ಮಗಳು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದ ಸದ್ದು ಕೇಳಿಸಿತು. ಅದರ ಹಿಂದೆಯೇ, ನರ್ಸಿಗೆ ಕೇಳಿಸಬಾರದೆಂಬಂಥ ಪಿಸುದನಿಯಲ್ಲಿ,

"ಮೊಳೇ... ಏಯ್, ಮೊಳೇ. ನಾನು ಯಾರು ಹೇಳು?"

ಅಜ್ಜ ಕಣ್ಣು ತೆರೆಯಲಿಲ್ಲ. ಉತ್ತರ ಬರುವವರೆಗೆ ಉಸಿರು ಬಿಡದೆ ಕಾದ.